ಚಿಕ್ಕಮ್ಮನ ಮೂರನೇ ಭಾನುವಾರ

ನನ್ನ ಚಿಕ್ಕಮ್ಮ ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತಿದ್ದಳು. ಬೆನ್ನ ಹಿಂದಿನ ಕಪಾಟಿನಲ್ಲಿ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು. ಯಾರು ಬಂದು ‘ನಂದು’ ಅಂದರೂ ಅವಳದು ಒಂದೇ ಪ್ರಶ್ನೆ: “ಗುರುತೇನು?” ಸುಲಭವಾಗಿ ನಂಬದಿರುವುದೇ ಅವಳ ನೌಕರಿ. ಮನೆಯಲ್ಲೂ ಅದೇ ವರಸೆ. ನನಗೆ ಜ್ವರ ಅಂದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಅಯ್ಯೋ ಅನ್ನುತ್ತಿದ್ದಳು.

ಒಂದು ದಿನ ಬೇಕರಿಯವರೊಬ್ಬರು ಚೀಲ ಹುಡುಕಿಕೊಂಡು ಬಂದರು.

“ಗುರುತೇನು?”

“ಒಳಗೆ ಮೂರು ಮೀಸೆ ಇವೆ.”

ತೆಗೆದು ನೋಡಿದಳು. ಮೂರಿದ್ದವು. ಚಿಕ್ಕಮ್ಮ ಕೌಂಟರಿನಲ್ಲಿ ನಕ್ಕದ್ದು ಅದೇ ಮೊದಲಂತೆ.

ಬೇಕರಿಯವರ ಗುಂಪು ಭಾನುವಾರ ಮಧ್ಯಾಹ್ನ ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ನಗೆನಾಟಕ ಆಡುತ್ತಿತ್ತು. ಬರೆದದ್ದಿಲ್ಲ, ಬಾಯಿಪಾಠವಿಲ್ಲ. ನೋಡಲು ಕೂತವರು ಒಂದು ಮಾತು ಕೂಗಿದರೆ ಅದನ್ನೇ ಹಿಡಿದು ನಿಂತಲ್ಲೇ ಆಟ ಕಟ್ಟಬೇಕು. ಚಿಕ್ಕಮ್ಮ ಒಮ್ಮೆ ನೋಡಿ ಬಂದು ರಾತ್ರಿಯೂಟಕ್ಕೆ ಕೂತಾಗ ಅಂದಳು: “ನಾನೂ ಸೇರ್ತೀನಿ.” ಅಮ್ಮ ಸೌಟು ಹಿಡಿದೇ ತಿರುಗಿದಳು. “ನೀನಾ? ನೀನು ನಕ್ಕರೆ ನಮಗೇ ಗಾಬರಿಯಾಗುತ್ತೆ.”

“ಅದಕ್ಕೇ ಸೇರ್ತೀನಿ ಕಣೆ ಅಕ್ಕ,” ಅಂದಳು ಚಿಕ್ಕಮ್ಮ, ಮೆಲ್ಲಗೆ.

ಗುಂಪಿನಲ್ಲೊಂದು ಪದ್ಧತಿಯಿತ್ತು. ಹೊಸಬರಿಗೆ ಮೂರು ಭಾನುವಾರ. ಮೂರನೆಯದರಲ್ಲಿ ಒಬ್ಬರೇ ನಿಂತು ಶುರುಮಾಡಬೇಕು. ಗುಂಪಿನವರು ಯಾರಾದರೂ ತಾವಾಗಿ ಎದ್ದು ಬಂದು ಜೊತೆ ಸೇರಿದರೆ ಹೊಸಬರೂ ಗುಂಪಿನವರಾದಂತೆ. ಯಾರೂ ಏಳದಿದ್ದರೆ ಇನ್ನು ಮುಂದೆ ಬಂದು ನೋಡಿ ನಗಬಹುದು, ಅಷ್ಟೇ.

ಮೊದಲ ಭಾನುವಾರ, ಗುಂಪಿನ ನರ್ಸಮ್ಮ ಬರಿಗೈಯನ್ನು ತೊಟ್ಟಿಲಂತೆ ಮಾಡಿ ಬಂದಳು. “ತಗೊಳ್ಳಿ ಅಕ್ಕ, ನಿಮ್ಮ ಮೊಮ್ಮಗ!”

ಚಿಕ್ಕಮ್ಮ ಬಗ್ಗಿ ನೋಡಿದಳು. “ಕೈಯಲ್ಲಿ ಏನೂ ಇಲ್ವಲ್ಲಮ್ಮ.”

ಆಟ ಅಲ್ಲೇ ಮುಗಿಯಿತು. ಎರಡನೇ ಭಾನುವಾರ ಬೇಕರಿಯವರು, ದೋಣಿ ಮುಳುಗ್ತಿದೆ ಅಂತ ಕೂಗಿದರೆ ಇವಳು, “ನೀರೆಲ್ಲಿದೆ?” ಅಂದಳು. ನರ್ಸಮ್ಮನಿಗೆ ತಡೆಯಲಾಗಲಿಲ್ಲ. “ಅಕ್ಕ, ನೀವು ಆಡೋಕೆ ಬಂದಿದ್ದೀರೋ, ಪಂಚನಾಮೆ ಮಾಡೋಕೋ?”

ಮೆಟ್ಟಿಲಿಳಿಯುವಾಗ ಬೇಕರಿಯವರು ಹೇಳಿದರು: “ಎದುರಿಗಿರೋರು ಏನು ಕೊಟ್ರೂ ತಗೊಳ್ಳಿ. ಅದರ ಮೇಲೆ ನಿಮ್ಮದೊಂದಿಷ್ಟು ಸೇರಿಸಿ. ನಗಿಸೋಕೆ ಮಾತ್ರ ಹೋಗಬೇಡಿ. ಪಾಠ ಇಷ್ಟೇ.”

ಆ ವಾರದಷ್ಟು ನಮ್ಮ ಮನೆ ಯಾವತ್ತೂ ತುಂಬಿರಲಿಲ್ಲ. ಕಾಲೇಜಿನಿಂದ ಬರುತ್ತಲೇ ನಾನು ಬರಿಗೈ ಚಾಚುತ್ತಿದ್ದೆ. “ಚಿಕ್ಕಮ್ಮ, ಹಿಡ್ಕೋ, ಕುದುರೆ.” ಅವಳು ತುಟಿಯ ತನಕ ಬಂದ ‘ಎಲ್ಲಿ’ ಅನ್ನುವುದನ್ನು ನುಂಗಿಕೊಂಡು, “ಕಟ್ಟೋಕೆ ಹಗ್ಗ ತಾ” ಅನ್ನುತ್ತಿದ್ದಳು. ಶುಕ್ರವಾರದ ಹೊತ್ತಿಗೆ ಅಮ್ಮ ಕೂಡ ನಡುಮನೆ ದಾಟುವಾಗ ಕುದುರೆಯನ್ನು ಸುತ್ತುಬಳಸಿ ನಡೆದಳು, ಬೈಯುತ್ತಲೇ.

ಮೂರನೇ ಭಾನುವಾರ. ನಾನೂ ಮಾಳಿಗೆಯಲ್ಲಿ ನೋಡುವವರ ನಡುವೆ ಕೂತಿದ್ದೆ. ಯಾರೋ “ಏಣಿ!” ಅಂತ ಕೂಗಿದರು.

ಚಿಕ್ಕಮ್ಮ ನಡುವೆ ನಿಂತು ತನ್ನ ಕೈಗಳನ್ನೇ ನೋಡಿದಳು. ಆಮೇಲೆ ಗಾಳಿಯಲ್ಲಿ ಎರಡೂ ಬದಿ ಬಿಗಿಯಾಗಿ ಹಿಡಿದು, ಕತ್ತೆತ್ತಿ ಮೇಲೆ ನೋಡಿದಳು. “ಆಯ್ತಾ? ಇಳೀರಿ, ಹಿಡ್ಕೊಂಡಿದ್ದೀನಿ.”

ಯಾರೂ ನಗಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸಿ ನೋಡುವ ಸದ್ದು ಮಾತ್ರ.

“ಬೆಳಗ್ಗೆಯಿಂದ ಮೇಲೇ ಇದ್ದೀರಿ. ನನ್ನ ಕೈ ಸೋತು ಬರ್ತಿದೆ. ಪರವಾಗಿಲ್ಲ, ನಿಧಾನಕ್ಕೆ ಇಳೀರಿ.”

ನಾನು ಗುಂಪಿನವರ ಬೆಂಚನ್ನೇ ನೋಡುತ್ತಿದ್ದೆ. ಬೇಕರಿಯವರು ನೆಲ ನೋಡುತ್ತಿದ್ದರು. ಚಿಕ್ಕಮ್ಮನ ತೋಳು ನಿಜವಾಗಿಯೂ ಸೋತು ಜಗ್ಗತೊಡಗಿತ್ತು. ಅವಳು ಬಿಡಲಿಲ್ಲ.

ಆಗ ನರ್ಸಮ್ಮ ಎದ್ದಳು. ಕುರ್ಚಿಯೊಂದನ್ನು ಎಳೆದು ಚಿಕ್ಕಮ್ಮನ ಮುಂದಿಟ್ಟು ಹತ್ತಿ ನಿಂತು, ಕೆಳಗೆ ನೋಡಿ ಸಣ್ಣ ದನಿಯಲ್ಲಿ ಅಂದಳು: “ಅಕ್ಕ, ನೀವು ಬಿಟ್ಟು ಹೋದ್ರೇನೋ ಅಂತ ಭಯವಾಗಿತ್ತು.”

“ಬಿಡೋದು ಹೇಗೆ ಕಣಮ್ಮ?” ಅಂದಳು ಚಿಕ್ಕಮ್ಮ. “ಏಣಿ ಪಕ್ಕದ ಮನೆಯವರದ್ದು.”

ಮಾಳಿಗೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಆ ನಗು ಇಂದಿಗೂ ನನ್ನ ಕಿವಿಯಲ್ಲಿದೆ. ನರ್ಸಮ್ಮ ನಗು ತಡೆಯಲಾರದೆ ಚಿಕ್ಕಮ್ಮನ ಭುಜ ಹಿಡಿದು ಇಳಿದಳು. ಬೇಕರಿಯವರು ಬೆಂಚಿನಲ್ಲಿ ಒಂದಿಷ್ಟು ಸರಿದು ಜಾಗ ಮಾಡಿದರು.

ಚಿಕ್ಕಮ್ಮ ಕೂರಲಿಲ್ಲ. ಬೆವರಿದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, “ಇನ್ನೊಂದು ಆಡೋಣ್ವಾ?” ಅಂದಳು.