ಅಣ್ಣನ ಫೋಟೋಗೊಂದು ಮೊಳ ಹೂವು

ನಮ್ಮ ಹೋಳೂರಿನ ಮನೆಯ ದೇವರಗೂಡಿನಲ್ಲಿ ಲಕ್ಷ್ಮಿಗೂ ವೆಂಕಟರಮಣನಿಗೂ ನಡುವೆ ನನ್ನ ಅಣ್ಣ ನಿಂತಿದ್ದಾನೆಂದರೆ ನೀವು ನಗಬಹುದು. ಯುದ್ಧಕ್ಕೆ ಹೊರಡುವ ಮುನ್ನ ಕೋಲಾರದ ಸ್ಟುಡಿಯೋದಲ್ಲಿ ಖಾಕಿ ತೊಟ್ಟು ತೆಗೆಸಿಕೊಂಡ ಫೋಟೋ ಅದು. ಹಿಂದಿನ ಪರದೆಯ ತುಂಬ ಅವನು ಜನ್ಮದಲ್ಲಿ ಕಾಣದ ಹಂಸಗಳ ಕೊಳ. ಅವನ ಕಾಗದ ನಿಂತು ಏಳು ತಿಂಗಳಾದವು. ದೇವರ ಸಾಲಿನಲ್ಲಿಟ್ಟರೆ ದೇವರೇ ಕಾಯುತ್ತಾನೆಂದು ನಂಬಿದ ಅಮ್ಮ, ದಿನಾ ಬೆಳಿಗ್ಗೆ ದೇವರಿಗೆ ಕಟ್ಟಿದ ಕನಕಾಂಬರದಲ್ಲೇ ಒಂದು ಮೊಳ ಅವನ ಫೋಟೋಗೂ ಹಾಕತೊಡಗಿದಳು.

ಅಮ್ಮ ಅತ್ತ ತಿರುಗಿದೊಡನೆ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಆ ಹಾರ ತೆಗೆದು ತುಳಸಿಯ ಬುಡಕ್ಕೆ ಹಾಕಿಬಿಡುತ್ತಿದ್ದಳು. ಮನುಷ್ಯನ ಫೋಟೋಗೆ ಹಾರ ಬಿದ್ದರೆ ಅದು ಏನು ಹೇಳುತ್ತದೆಂಬುದು ಊರಿಗೆಲ್ಲ ಗೊತ್ತು.

ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದುಬರುತ್ತಿದ್ದ ನಾನು ಮನೆಯಲ್ಲೂ ವಾದ ಹೂಡಿದೆ: ಹೂವು ಬರೀ ಹೂವು, ಫೋಟೋ ಬರೀ ಕಾಗದ, ಅರ್ಥವೆಲ್ಲ ನಿಮ್ಮ ತಲೆಯೊಳಗಿನದು.

“ಹಂಗಾದ್ರೆ ಆ ಫೋಟೋನ ನೆಲದ ಮೇಲಿಟ್ಟು ಒಂದು ಸಲ ದಾಟು, ನೋಡೋಣ,” ಎಂದಳು ಅಮ್ಮ.

ದಾಟಲಾಗಲಿಲ್ಲ. ಏಕೆಂದು ನನಗೇ ತಿಳಿಯದು.

ಒಂದು ದಿನ ಅತ್ತಿಗೆ ಹಾರ ತೆಗೆಯುವ ಮೊದಲೇ ಶ್ರೀನಿವಾಸಪುರದ ದೂರದ ನೆಂಟರೊಬ್ಬರು ಬಂದರು. ಫೋಟೋ ಕಂಡದ್ದೇ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಯಾವಾಗ ಆಯ್ತಮ್ಮ? ಒಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ?”

ಒಳಗೆ ಅತ್ತಿಗೆಯ ಬೀಸುಕಲ್ಲಿನ ಸದ್ದು ನಿಂತಿತು.

“ಏನಾಗ್ಬೇಕಿತ್ತು? ನನ್ನ ಮಗ ಚೆನ್ನಾಗವ್ನೆ. ಮೊದ್ಲು ಪೇಟ ಸುತ್ಕೊಳ್ಳಿ,” ಎಂದಳು ಅಮ್ಮ.

ಮರುದಿನ ಅಮ್ಮನಿಗೆ ಜ್ವರ. ಮಲಗಿದಲ್ಲಿಂದಲೇ, “ಲೇ, ಇವತ್ತು ನೀನೇ ಹೂ ಹಾಕು. ಅಣ್ಣನ್ನ ಮರೀಬೇಡ ಕಣೋ,” ಎಂದಳು. ಹಾರ ಹಿಡಿದು ನಿಂತೆ. ಅಡಿಗೆಮನೆಯ ಬಾಗಿಲಲ್ಲಿ ಅತ್ತಿಗೆ. ಹಾಕಿದರೆ ಇವಳ ಗಂಡನನ್ನು ನಾನೇ ಕೊಂದಂತೆ. ಹಾಕದಿದ್ದರೆ ಅಮ್ಮನ ಮಗನನ್ನು ಕೈಬಿಟ್ಟಂತೆ. ಅರ್ಥವೇ ಇಲ್ಲವೆಂದು ನಾನು ಸಾಧಿಸಿದ್ದ ಒಂದು ಮೊಳ ಹೂವು, ಗೆಳೆಯರೇ, ಕೈಯಲ್ಲಿ ಕಲ್ಲಿನ ಹಾಗೆ ಭಾರವಾಗಿತ್ತು.

“ಕೊಡಪ್ಪ ಇಲ್ಲಿ,” ಎಂದು ಅತ್ತಿಗೆ ಹಾರ ಈಸಿಕೊಂಡಳು. ಫೋಟೋದ ಗಾಜಿಗೆ ಒಮ್ಮೆ ಮುಟ್ಟಿಸಿ, ತನ್ನ ಜಡೆಗೆ ಮುಡಿದು, ಅಮ್ಮನಿಗೆ ಕಾಣುವಂತೆ ತಿರುಗಿ ನಿಂತಳು. ಗಂಡ ಹೋದವಳು ನಮ್ಮಲ್ಲಿ ಹೂ ಮುಡಿಯುವುದುಂಟೇ?

ಅಮ್ಮ ದಿಂಬಿನಿಂದ ತಲೆ ಎತ್ತಿ ನೋಡಿದಳು. “ಬುಟ್ಟೀಲಿ ಇನ್ನೊಂದು ಮೊಳ ಐತೆ. ಅದನ್ನೂ ಮುಡ್ಕೊ,” ಎಂದಳು.

ಕಾಗದ ಇನ್ನೂ ಬಂದಿಲ್ಲ. ಅಣ್ಣ ಇದ್ದಾನೋ ಇಲ್ಲವೋ ಹೇಳಬಲ್ಲ ಪುರಾವೆ ಒಂದೂ ನನ್ನ ಬಳಿಯಿಲ್ಲ. ಆದರೂ ಬೆಳಗಾದರೆ ನಾನು ಮೊದಲು ನೋಡುವುದು ಅತ್ತಿಗೆಯ ಜಡೆಯನ್ನು; ಹೂವು ಕಂಡ ಮೇಲೆಯೇ ಕಾಫಿ ಗಂಟಲಲ್ಲಿ ಇಳಿಯುತ್ತದೆ.