ಕತ್ತು ಉದ್ದವಾದ ಅಣಬೆಗಳು

ನನ್ನ ಚಿಕ್ಕಮ್ಮನ ಸೊಂಟದಲ್ಲಿ ಬೀಗದಕೈ ಗೊಂಚಲಿಲ್ಲ, ಉಪ್ಪಿನ ಡಬ್ಬ ಇದೆ. ಅಣಬೆ ಫಾರ್ಮಿನಲ್ಲಿ ಅವಳ ಕೆಲಸವೇ ಅದು. ನೀರು ಚಿಮುಕಿಸುವ ಮೊದಲು ಕೋಣೆ ಕೋಣೆಗೂ ಹೋಗಿ, ಬ್ಯಾಟರಿ ಬೆಳಕು ಬಿಟ್ಟು ಅಣಬೆ ಬೆಳೆಯುವ ಒಂದೊಂದು ಹಲಗೆಯನ್ನೂ ನೋಡಬೇಕು. ಕಾಯಿಲೆ ಬಿದ್ದ ಅಣಬೆ ಕಂಡರೆ ಅದರ ಮೇಲೆ ಒದ್ದೆ ಕಾಗದ ಹೊದಿಸಿ, ಕಾಗದ ಕಾಣದ ಹಾಗೆ ಉಪ್ಪು ಸುರಿಯಬೇಕು. ಬರಿಗೈಲಿ ಕೀಳುವ ಹಾಗಿಲ್ಲ. ಕಿತ್ತರೆ ರೋಗದ ಬೀಜಕಣ ಬೆರಳಿಗೆ ಅಂಟಿ ಪಕ್ಕದ್ದಕ್ಕೆ ಹೋಗುತ್ತದೆ, ನೀರು ಬಿದ್ದರೆ ಹನಿಯ ಜೊತೆ ಚಿಮ್ಮುತ್ತದೆ, ನೊಣ ಕೂತರೆ ನೊಣದ ಕಾಲಿಗೆ ಹತ್ತಿಕೊಂಡು ಫಾರ್ಮೆಲ್ಲ ಸುತ್ತಿ ಬರುತ್ತದೆ.

ನಾನು ಅಲ್ಲೇ ಪ್ಯಾಕಿಂಗ್ ಕೋಣೆಯಲ್ಲಿದ್ದೇನೆ. ನನಗೆ ಅಣಬೆ ಅಂದರೆ ಬಿಳೀದು, ದುಂಡಗಿನದು, ಅಷ್ಟೇ. ಚಿಕ್ಕಮ್ಮನಿಗೆ ಹಾಗಲ್ಲ. ಎಳೆ ಮೊಗ್ಗಿದ್ದಾಗಲೇ ರೋಗ ತಗುಲಿದರೆ ತಲೆಯೂ ಇಲ್ಲ, ಕಾಲೂ ಇಲ್ಲ, ಈರುಳ್ಳಿಯಂಥ ಉಂಡೆ. ಬೆಳೆದ ಮೇಲೆ ತಗುಲಿದರೆ ಟೊಪ್ಪಿ ಸೊಟ್ಟ, ಕಾಂಡ ಸಿಪ್ಪೆ ಸುಲಿದ ಹಾಗೆ ಸೀಳು. ಇನ್ನೊಂದು ರೋಗದಲ್ಲಿ ಹತ್ತಿಯಂತೆ ಊದಿಕೊಂಡು ಜೇನಿನ ಬಣ್ಣದ ಹನಿ ಬೆವರುತ್ತದೆ. ಟೊಪ್ಪಿಯ ಮೇಲೆ ನೀರು ಆರದೆ ನಿಂತರೆ ಬ್ಯಾಕ್ಟೀರಿಯಾ ಸೇರಿ ಕಂದು ಮಚ್ಚೆ. ಇದನ್ನೆಲ್ಲ ಅವಳು ಊಟಕ್ಕೆ ಕೂತಾಗಲೇ ಹೇಳುವುದು! ತನ್ನನ್ನು ಹೆಣ್ಣು ನೋಡಲು ಬಂದ ಗಂಡುಗಳನ್ನೂ ಹೀಗೇ ನೋಡಿದಳು. ಒಬ್ಬನದು "ಬುಡ ಗಟ್ಟಿಯಿಲ್ಲ", ಇನ್ನೊಬ್ಬನದು "ಟೊಪ್ಪಿ ಬೇಗ ಬಿಚ್ಚಿಕೊಂಡಿದೆ". ಹೀಗೆ ರೋಗ ಪತ್ತೆ ಮಾಡುತ್ತ ಮಾಡುತ್ತ ಮದುವೆಯಾಗದೆಯೇ ಅವಳ ತಲೆಗೂದಲು ನೆರೆಯಿತು, ಅವಳ ಅಕ್ಕ, ನಮ್ಮಮ್ಮ, ಕೈಚೆಲ್ಲಿದಳು.

ಫಾರ್ಮಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಎಲ್ಲಕ್ಕಿಂತ ಹೊಸ ಬೆಳೆ ಇರುವ ಕೋಣೆಗೆ ನಾವು ಮಗು ಕೋಣೆ ಅನ್ನುತ್ತೇವೆ, ಕೊಯ್ದು ಕೊಯ್ದು ಸುಸ್ತಾದದ್ದಕ್ಕೆ ಅಜ್ಜಿ ಕೋಣೆ. ನಡೆಯುವುದೇನಿದ್ದರೂ ಮಗುವಿನಿಂದ ಅಜ್ಜಿಯ ಕಡೆಗೆ. ಅಜ್ಜಿ ಕೋಣೆಗೆ ಕಾಲಿಟ್ಟವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಮಗು ಕೋಣೆಯ ಬಾಗಿಲನ್ನೂ ಮುಟ್ಟಬಾರದು.

ಅಜ್ಜಿ ಕೋಣೆಯ ಆಚೆಗೆ ಬಾಯ್ಲರ್. ಮುಗಿದ ಕೋಣೆಗೆ ಹಬೆ ಬಿಟ್ಟು ರೋಗವನ್ನೂ ಬೆಳೆಯನ್ನೂ ಒಟ್ಟಿಗೆ ಕೊಂದು ತೊಳೆಯುವುದು, ಎಲ್ಲ ಕೋಣೆಗಳ ಗಾಳಿ ಫ್ಯಾನು ಅಲ್ಲಿಂದಲೇ ನೋಡಿಕೊಳ್ಳುವುದು ಬಾಯ್ಲರಣ್ಣನ ಕೆಲಸ. ಹೆಂಡತಿ ತೀರಿಕೊಂಡು ಬಹಳ ವರ್ಷವಾದ, ಮಾತು ಕಡಿಮೆಯ, ಮೀಸೆ ಜಾಸ್ತಿಯ ಮನುಷ್ಯ. ಇಡೀ ಫಾರ್ಮು ಅವರನ್ನು ಬಾಯ್ಲರಣ್ಣ ಅನ್ನುತ್ತದೆ. ಚಿಕ್ಕಮ್ಮ ಮಾತ್ರ "ಬಾಯ್ಲರಿನವರು" ಅನ್ನುತ್ತಾಳೆ. ಅಪ್ಪಿತಪ್ಪಿಯೂ ಅವಳ ಬಾಯಲ್ಲಿ ಅಣ್ಣ ಬರಲಿಲ್ಲ. ಕಂಡವರ ರೋಗಲಕ್ಷಣವನ್ನೆಲ್ಲ ಹೇಳುವವಳ ಈ ಲಕ್ಷಣ ನನ್ನ ಕಣ್ಣಿಗೆ ಮೊದಲೇ ಬಿದ್ದಿತ್ತು, ಆದರೆ ಬಾಯಿ ಬಿಡಲಿಲ್ಲ. ಉಪ್ಪಿನ ಡಬ್ಬ ತಲೆಗೆ ಬಿದ್ದರೆ ನೋವಾಗುತ್ತದೆ.

ಈ ಸಲದ ಮಗು ಕೋಣೆಯನ್ನು ಫಾರ್ಮಿನ ಯಜಮಾನರು ಪೂರ್ತಿ ಚಿಕ್ಕಮ್ಮನ ಕೈಗೇ ಕೊಟ್ಟರು. ಗೊಬ್ಬರ ತುಂಬುವುದರಿಂದ ಕೊಯ್ಲಿನವರೆಗೆ ಎಲ್ಲ ಅವಳದೇ. ಅವಳ ಕಾಲು ನೆಲದ ಮೇಲಿರಲಿಲ್ಲ. ದಿನವಿಡೀ ಅಲ್ಲೇ ಇದ್ದು ಅಣಬೆಗಳ ಜೊತೆ ಮಾತು. ಬೈಗುಳ, ಮುದ್ದು, ಊರ ಮೇಲಿನ ದೂರು, ಎಲ್ಲವೂ.

ಅದೇ ಹೊತ್ತಿಗೆ ಬಾಯ್ಲರಣ್ಣ ಬದಲಾಗತೊಡಗಿದರು. ಮೇಲೆ ಕೆಳಗೆ ಹಾಕಿಕೊಳ್ಳುತ್ತಿದ್ದ ಶರ್ಟಿನ ಗುಂಡಿ ಸರಿಯಾಯಿತು. ತಲೆ ಬಾಚಿಕೊಂಡು ಬಂದರು. ಕೊನೆಗೊಂದು ಬೆಳಿಗ್ಗೆ ಮೀಸೆಯೇ ಮಾಯ! ಪ್ಯಾಕಿಂಗ್ ಕೋಣೆಯಲ್ಲಿ ನಾವು ನಕ್ಕು ನಕ್ಕು ತಟ್ಟೆ ಬೀಳಿಸಿದೆವು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಮಗು ಕೋಣೆಯಲ್ಲಿ ಅಣಬೆ ಎದ್ದವು. ಎದ್ದದ್ದು ನೋಡಿ ಚಿಕ್ಕಮ್ಮನ ಮುಖ ಸುಣ್ಣವಾಯಿತು. ಕಾಂಡ ಉದ್ದುದ್ದ, ಟೊಪ್ಪಿ ಗುಂಡಿಯಷ್ಟು ಸಣ್ಣ. ಯಾರು ಬಂದರು ಅಂತ ಕತ್ತು ಚಾಚಿ ಇಣುಕುವ ಹಾಗೆ ಇಡೀ ಕೋಣೆ ನಿಂತಿತ್ತು.

ಅವಳೇ ನನ್ನನ್ನು ಕಳಿಸಿ ಯಜಮಾನರನ್ನು ಕರೆಸಿದಳು. "ವೈರಸ್ಸು," ಅಂದಳು. "ಈ ಕೋಣೆ ಇಟ್ಕೊಂಡ್ರೆ ಎಲ್ಲಾ ಕೋಣೆಗೂ ಹರಡುತ್ತೆ. ಇವತ್ತೇ ಹಬೆ ಬಿಡ್ಸಿ."

"ವೈರಸ್ಸು ಹೇಗಮ್ಮಾ ಬಂತು? ನಿನ್ನ ಕೈ ಕೆಳಗೆ?"

"ನನ್ನ ಕಾಲಿಂದ್ಲೇ ಬಂತು." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅವತ್ತೊಂದಿನ ಬಾಯ್ಲರಿನವರು ಊಟದ ಡಬ್ಬಿ ಮರೆತು ಬಂದಿದ್ರು. ಪಾಪ ಅಂತ ನನ್ನ ಡಬ್ಬೀನೇ ಅಜ್ಜಿ ಕೋಣೆ ದಾಟಿ ಕೊಟ್ಟು ಬಂದೆ. ವಾಪಸ್ ಬರ್ತಾ ಉಪ್ಪಿನ ಡಬ್ಬ ಇಲ್ಲೇ ಬಿಟ್ಟಿದ್ದು ನೆನಪಾಯ್ತು. ಏನೋ ಗುಂಗಲ್ಲಿದ್ದೆ, ಹಾಗೇ ಒಳಗೆ ಬಂದ್ಬಿಟ್ಟೆ. ಅಜ್ಜಿ ಕೋಣೆಯ ಅರಳಿದ ಅಣಬೆಯ ಬೀಜಕಣ ಸೀರೆಗೆ ಹತ್ಕೊಂಡಿರುತ್ತೆ, ಅದರೊಳಗೇ ವೈರಸ್ಸು ಇರುತ್ತೆ."

ನನ್ನ ಚಿಕ್ಕಮ್ಮ, ನಿಯಮ ಮುರಿದವರ ಜನ್ಮ ಜಾಲಾಡುವವಳು, ಒಂದು ಊಟದ ಡಬ್ಬಿಗಾಗಿ ಅಜ್ಜಿಯಿಂದ ಮಗುವಿನ ಕಡೆಗೆ ನಡೆದಿದ್ದಳು! ನನಗೆ ಅಳು ನಗು ಎರಡೂ ಬಂತು. ಅವಳು ಅಷ್ಟು ಆಸೆಪಟ್ಟು ಬೆಳೆಸಿದ ಕೋಣೆ ಸಂಜೆಯೊಳಗೆ ಬೆಂದು ಹೋಗುವುದಿತ್ತು, ಆಮೇಲೆ ಅವಳ ಕೈಗೆ ಇನ್ನೊಂದು ಕೋಣೆ ಯಾರು ಕೊಡುತ್ತಾರೆ?

ಹಬೆ ಏರಿಸಿ ಅಂತ ಬಾಯ್ಲರಿಗೆ ಹೇಳಿಕಳಿಸಿದರು. ಹಬೆ ಬರಲಿಲ್ಲ, ಬಾಯ್ಲರಣ್ಣನೇ ಬಂದರು. ಮಗು ಕೋಣೆಯ ಹೊಸಿಲಿನಿಂದ ಸಾಕಷ್ಟು ದೂರ ನಿಂತು, ಕೈ ಹಿಸುಕಿಕೊಳ್ಳುತ್ತ, "ಇವ್ರೇ, ಇದು ವೈರಸ್ಸಲ್ಲ," ಅಂದರು.

"ನಿಮಗೇನ್ರೀ ಗೊತ್ತು?" ಚಿಕ್ಕಮ್ಮ ಸಿಡಿದಳು.

"ಈ ಕೋಣೆ ಫ್ಯಾನು ನಾನೇ ಸಣ್ಣ ಮಾಡಿದ್ದೆ."

"ಯಾಕೆ?" ಯಜಮಾನರು.

ಬಾಯ್ಲರಣ್ಣ ನೆಲ ನೋಡಿದರು. "ಫ್ಯಾನು ಜೋರಾಗಿದ್ರೆ ಏನೂ ಕೇಳಲ್ಲ. ಸಣ್ಣ ಮಾಡಿದ್ರೆ ಗಾಳಿ ಕೊಳವೇಲಿ ಇವರ ಮಾತು ಬಾಯ್ಲರ್ ಹತ್ರಕ್ಕೂ ಬರುತ್ತೆ. ಸ್ವಲ್ಪ ಹೊತ್ತು ಕೇಳಿ ಮತ್ತೆ ಜೋರು ಮಾಡೋಣ ಅಂದ್ಕೊಳ್ತಿದ್ದೆ. ಕೇಳ್ತಾ ಕೇಳ್ತಾ ಮರ್ತೇ ಹೋಗ್ತಿತ್ತು."

 ನನಗೆ ತಟ್ಟನೆ ಎಲ್ಲ ಹೊಳೆಯಿತು. ಗುಂಡಿ! ಬಾಚಣಿಗೆ! ಮೀಸೆ! ಚಿಕ್ಕಮ್ಮನಿಗೂ ಹೊಳೆಯಿತೆಂದು ಕಾಣುತ್ತದೆ, ಕಿವಿಯವರೆಗೆ ಕೆಂಪಾದಳು.

"ಅಯ್ಯೋ, ಎಲ್ಲಾ ಕೇಳಿಸ್ಕೊಂಡ್ರಾ? ಆ ಮೀಸೆ ತೆಗೆದ್ರೆ ಮನುಷ್ಯ ಲಕ್ಷಣವಾಗಿರ್ತಾನೆ ಅಂದಿದ್ದೂ?"

"ಅದಕ್ಕೇ ತೆಗೆದೆ."

ಚಿಕ್ಕಮ್ಮ ಒಳಗೆ ಓಡಿದಳು. ನಾಚಿಕೆಗೆ ಅಂದುಕೊಂಡೆ. ಇಲ್ಲ, ಬ್ಯಾಟರಿ ಹಿಡಿದು ಹಲಗೆಗಳನ್ನು ಮತ್ತೆ ನೋಡುತ್ತಿದ್ದಳು. ನಾನೂ ಹಿಂದೆ ಹೋದೆ. "ನೋಡೇ," ಅಂದಳು, ಧ್ವನಿ ಏರುತ್ತಿತ್ತು. "ವೈರಸ್ಸಾದ್ರೆ ಅಲ್ಲಲ್ಲಿ ಬೋಳು ಇರುತ್ತೆ, ಬುಡದ ಗೊಬ್ಬರದಲ್ಲಿ ಹಬ್ಬಿದ ಬಿಳಿ ಎಳೆ ಸತ್ತಿರುತ್ತೆ. ಇಲ್ಲಿ ಎಲ್ಲಾ ಕಡೆ ಒಂದೇ ಸಮ! ಅಣಬೆನೂ ನಮ್ಮ ಹಾಗೇ ಉಸಿರಾಡುತ್ತೆ. ಅದು ಬಿಟ್ಟ ಗಾಳಿ ಆಚೆ ಹೋಗ್ದೆ ಇಲ್ಲೇ ತುಂಬ್ಕೊಂಡ್ರೆ ಒಳ್ಳೇ ಗಾಳಿ ಹುಡುಕ್ಕೊಂಡು ಕತ್ತು ಉದ್ದ ಮಾಡುತ್ತೆ, ಟೊಪ್ಪಿ ಹಾಗೇ ಉಳಿಯುತ್ತೆ. ಇಷ್ಟು ಗೊತ್ತಿದ್ದೂ ನಾನು ಹೇಗೆ ನೋಡ್ಲಿಲ್ಲ?"

ಹೇಗೆ ನೋಡುತ್ತಾಳೆ! ಊಟದ ಡಬ್ಬಿಯ ಭಯ ಕಣ್ಣಿಗೆ ಕಟ್ಟಿತ್ತು.

ಯಜಮಾನರು ತಲೆ ಮೇಲೆ ಕೈ ಇಟ್ಟುಕೊಂಡು, ಇಬ್ಬರಿಗೂ ಚೆನ್ನಾಗಿ ಬೈದು, ಫ್ಯಾನು ಪೂರ್ತಿ ಬಿಡಿಸಿದರು. ಹಬೆಯ ಮಾತು ಮುಂದಿನ ಮೊಗ್ಗು ನೋಡಿಕೊಂಡು ಅಂದರು. ಚಿಕ್ಕಮ್ಮ ಊಟ ಬಿಟ್ಟು ಕಾದಳು, ಜೊತೆಗೆ ನನ್ನ ಹೊಟ್ಟೆಯನ್ನೂ ಕಾಯಿಸಿದಳು. ಕೊನೆಗೆ ಹೊಸ ಮೊಗ್ಗುಗಳು ಎದ್ದವು. ಗಿಡ್ಡ ಕಾಂಡ, ತುಂಬು ಟೊಪ್ಪಿ, ಹಲಗೆ ತುಂಬ ಬಿಳಿ ಬಿಳಿ ಗುಂಡು! ಅವಳು ನನ್ನ ಕೈ ಹಿಡಿದು ಗರಗರ ತಿರುಗಿಸಿಬಿಟ್ಟಳು, ಉಪ್ಪೆಲ್ಲ ನೆಲಕ್ಕೆ.

ಆದರೆ ಈಗ ಫ್ಯಾನು ಭರ್ರೋ ಅನ್ನುತ್ತಿತ್ತು. ಕೊಳವೆಯಲ್ಲಿ ಅವಳ ಒಂದು ಮಾತೂ ಆಚೆಗೆ ಹೋಗುವಂತಿರಲಿಲ್ಲ. ಅವಳು ಒಂದೆರಡು ಸಲ ಕೊಳವೆಯ ಬಾಯಿಯತ್ತ ನೋಡಿದಳು. ಫ್ಯಾನು ಸಣ್ಣ ಮಾಡಿ ಅಂತ ಮಾತ್ರ, ಪ್ರಾಣ ಹೋದರೂ, ಅವಳು ಕೇಳುವವಳಲ್ಲ.

ಅವತ್ತು ಅವಳು ಮಗು ಕೋಣೆಯಿಂದ ಶುರುಮಾಡಿ, ಒಂದು ಹಲಗೆಯನ್ನೂ ಬಿಡದೆ, ಕ್ರಮವಾಗಿ ಎಲ್ಲ ಕೋಣೆ ಮುಗಿಸಿ ಅಜ್ಜಿ ಕೋಣೆ ದಾಟಿದಳು. ನಾನು ಖಾಲಿ ತಟ್ಟೆ ಹಿಡಿದು, ಕೆಲಸ ಇರುವವಳಂತೆ, ಹಿಂದೆ ಹಿಂದೆಯೇ ಹೋದೆ. ಬಾಯ್ಲರಣ್ಣ ಎದ್ದು ನಿಂತರು. ಚಿಕ್ಕಮ್ಮ ಅವರ ಮುಖವನ್ನು ಹಲಗೆ ನೋಡುವ ಹಾಗೆ, ಮೇಲಿನಿಂದ ಕೆಳಗೆ, ನಿಧಾನವಾಗಿ ನೋಡಿದಳು.

"ಮೀಸೆ ಮತ್ತೆ ಬಿಡಿ," ಅಂದಳು. "ಅದರಲ್ಲೂ ನಾನು ತಪ್ಪು ನೋಡಿದ್ದೆ. ಮೀಸೇಲೇ ಚೆನ್ನಾಗಿದ್ರಿ."

ಅವರು ಬರಿದಾದ ತುಟಿಯ ಮೇಲೆ ಬೆರಳಾಡಿಸಿ, "ಇನ್ನೇನಾದ್ರೂ ಲಕ್ಷಣ ಇದೆಯಾ?" ಅಂದರು.

"ಇದೆ. ಎಲ್ಲಾ ಹೇಳೋಕೆ ಬಹಳ ದಿನ ಬೇಕು," ಅಂದು ಚಿಕ್ಕಮ್ಮ ಅಲ್ಲೇ ಗೊಬ್ಬರದ ಚೀಲದ ಮೇಲೆ ಕೂತಳು.

ಮೀಸೆ ಈಗ ಅರ್ಧ ಬಂದಿದೆ. ಪ್ಯಾಕಿಂಗ್ ಕೋಣೆಯವರೆಲ್ಲ ಇನ್ನೂ ಬಾಯ್ಲರಣ್ಣ ಅನ್ನುತ್ತಾರೆ. ನಾನು ಅಣ್ಣ ಅನ್ನುವುದನ್ನು ನಿಲ್ಲಿಸಿ, ಚಿಕ್ಕಪ್ಪ ಅನ್ನುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.