ಬೀಗಿತ್ತಿಯ ಡಿಪೋಗೆ ಹೊಸ ಬಸ್ಸು

ಬಿಶ್ಕೆಕ್‌ಗೆ ಹೊಸ ಬಸ್ಸುಗಳು ಬರುತ್ತವೆಂದರೆ ಮುಕಾಶನ ನಡಿಗೆಯೇ ಬದಲಾಗಿಬಿಡುತ್ತಿತ್ತು. ಉಳಿದ ದಿನಗಳಲ್ಲಿ ಅವನು ನಗರದ ಬಸ್ ಕಚೇರಿಯ ಮೂಲೆಯಲ್ಲಿ ಕೂತು, ಚಹಾ ಪೂರ್ತಿ ಆರಿದ ಮೇಲೆ ನೆನಪಾಗಿ ಕುಡಿಯುವ ಒಬ್ಬ ಬೊಕ್ಕತಲೆಯ ಎಂಜಿನಿಯರ್, ಅಷ್ಟೆ. ಚೀನಾದ ಗಡಿ ದಾಟಿ ಬಸ್ಸುಗಳ ಸಾಲು ಹೊರಟಿದೆ ಎಂಬ ಸುದ್ದಿ ಬಂದ ಕೂಡಲೇ ಅವನ ಎದೆ ಅರ್ಧ ಗೇಣು ಮುಂದೆ ಬರುತ್ತಿತ್ತು. ಯಾವ ಡಿಪೋಗೆ ಎಷ್ಟು ಬಸ್ಸು ಎಂದು ಹಂಚುವವನು ಅವನು. ಸಹಿ ಹಾಕುವವರು ನಿರ್ದೇಶಕರೇ, ನಿಜ. ಆದರೆ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸುವವನು ಮುಕಾಶ್.

ಹಂಚುವುದು ಸುಲಭದ ಕೆಲಸವಲ್ಲ. ಯಾವ ಮಾರ್ಗದಲ್ಲಿ ಜನ ಹೆಚ್ಚು, ಯಾವ ರಸ್ತೆ ಬಸ್ಸಿನ ಹೊಟ್ಟೆ ಸೀಳುವುದಿಲ್ಲ, ಬಸ್ಸಿನಡಿ ಇಳಿದು ಕೆಲಸ ಮಾಡುವ ರಿಪೇರಿ ಗುಂಡಿ ಯಾವ ಡಿಪೋದಲ್ಲಿ ಹೊಸ ಬಸ್ಸಿನಷ್ಟು ಉದ್ದವಿದೆ, ಯಾರ ಮೆಕ್ಯಾನಿಕ್‌ಗಳಿಗೆ ಹೊಸ ಎಂಜಿನ್ನಿನ ಪರಿಚಯವಿದೆ, ಎಲ್ಲ ನೋಡಬೇಕು. ಮುಕಾಶ್ ನೋಡುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ತಾನು ನೋಡುತ್ತಿರುವುದನ್ನು ಬೇರೆಯವರು ನೋಡುತ್ತಿದ್ದಾರೆಯೇ ಎಂದು ನೋಡುತ್ತಿದ್ದ. ಒಮ್ಮೆ ಒಬ್ಬ ಡಿಪೋ ಮುಖ್ಯಸ್ಥ ಬೆಟ್ಟದ ಬಿಳಿ ಜೇನುತುಪ್ಪದ ಡಬ್ಬಿ ತಂದುಕೊಟ್ಟಾಗ ಇಡೀ ಕಾರಿಡಾರಿಗೆ ಕೇಳುವಂತೆ ಗದರಿಸಿ ವಾಪಸು ಕಳಿಸಿದ್ದ. ಮರುದಿನ ಬೆಳಗ್ಗೆ ಬರೀ ರೊಟ್ಟಿಯನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುವಾಗ ಆ ಡಬ್ಬಿ ಬಹಳ ನೆನಪಾಯಿತು ಎಂದು ಅವನೇ ಈಗ ಹೇಳಿಕೊಂಡು ನಗುತ್ತಾನೆ.

ಇಂಥ ಮನುಷ್ಯನಿಗೆ ವಿಧಿ ಒಂದು ತಮಾಷೆ ಮಾಡಿತ್ತು. ಅವನ ಒಬ್ಬಳೇ ಮಗಳು ಎರ್ಕಿನಾಯ್ ಪ್ರೀತಿಸಿ ಮದುವೆಯಾದ ಹುಡುಗ, ಉತ್ತರದ ಡಿಪೋದ ಮುಖ್ಯಸ್ಥೆ ಬುರುಲ್‌ಳ ಮಗ. ಬುರುಲ್ ಟ್ರಾಲಿಬಸ್ಸಿನ ಚಾಲಕಿಯಾಗಿ ಸೇರಿ, ಗಂಡ ತೀರಿಕೊಂಡ ಮೇಲೂ ಸ್ಟೇರಿಂಗ್ ಬಿಡದೆ, ಮೆಟ್ಟಿಲು ಮೆಟ್ಟಿಲಾಗಿ ಡಿಪೋದ ಕುರ್ಚಿಗೆ ಏರಿದವಳು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ನಾಲಿಗೆ. ಮದುವೆಯ ದಿನ ಕಚೇರಿಯವರು, "ಇನ್ನೇನು ಬಿಡಿ, ಹೊಸ ಬಸ್ಸೆಲ್ಲ ಉತ್ತರಕ್ಕೇ," ಎಂದು ಕಣ್ಣು ಹೊಡೆದದ್ದು ಮುಕಾಶನ ಕಿವಿಗೆ ಬಿತ್ತು. ಅವತ್ತೇ ಅವನು ತೀರ್ಮಾನಿಸಿದ: ಬೀಗಿತ್ತಿಯ ಡಿಪೋದ ಹೊಸ್ತಿಲನ್ನೂ ತುಳಿಯುವುದಿಲ್ಲ.

ತುಳಿಯಲಿಲ್ಲ. ಹೊಸ ಬಸ್ಸುಗಳು ನಡುಪೇಟೆಯ ಡಿಪೋಗೆ ಹೋದವು, ದಕ್ಷಿಣಕ್ಕೆ ಹೋದವು. ಅಲ್ಲಿ ಸವೆದು ಸುಸ್ತಾದ ಬಸ್ಸುಗಳು ಉತ್ತರಕ್ಕೆ ಹೋದವು. ಊರಂಚಿನಲ್ಲಿ ವರ್ಷವರ್ಷವೂ ಬೆಳೆಯುತ್ತಿದ್ದ ಹೊಸ ಬಡಾವಣೆಗಳ ಜನ ಅವುಗಳಲ್ಲೇ ಜೋತುಬಿದ್ದು ಪೇಟೆಗೆ ಬರುತ್ತಿದ್ದರು. ಬುರುಲ್ ಪ್ರತಿ ಸಲ ಕೇಳುತ್ತಿದ್ದಳು. ಮುಕಾಶ್ ಪ್ರತಿ ಸಲ, "ನಿಮ್ಮ ರಿಪೇರಿ ಗುಂಡಿ ಗಿಡ್ಡ," ಎನ್ನುತ್ತಿದ್ದ.

ಆ ವಸಂತದಲ್ಲಿ ಮೂವತ್ತು ಬಸ್ಸು ಬಂದವು. ತಗ್ಗು ನೆಲದವು, ಗಾಜು ಇನ್ನೂ ಅಂಟುಕಾಗದದ ಕೆಳಗೇ ಇದ್ದಂಥವು. ಸಭೆಯಲ್ಲಿ ಮುಕಾಶ್ ಎದ್ದುನಿಂತು ಹದಿನೆಂಟು ನಡುಪೇಟೆಗೆ, ಹನ್ನೆರಡು ದಕ್ಷಿಣಕ್ಕೆ ಎಂದ. ನಡುಪೇಟೆಯ ಮುಖ್ಯಸ್ಥ ಓಮುರ್ಜಾಕ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತೃಪ್ತಿಯಿಂದ ತಲೆಯಾಡಿಸಿದ.

"ಉತ್ತರಕ್ಕೆ?" ಎಂದಳು ಬುರುಲ್.

"ನಡುಪೇಟೆಯಿಂದ ಬಿಡುಗಡೆಯಾಗೋ ಹಳೇ ಬಸ್ಸು ಹದಿನೆಂಟೂ ನಿಮಗೇ, ಎಜೆ. ಹಳೇ ಗಾಡೀನ ಬದುಕಿಸ್ಕೊಳ್ಳೋ ಕಲೆ ನಿಮ್ಮವರಿಗೆ ಬಂದ ಹಾಗೆ ಬೇರೆಯವರಿಗೆ ಬರಲ್ಲ." ಅಕ್ಕ ಎನ್ನುವ ಆ ಗೌರವದ ಮಾತನ್ನು ಅವನು ಕಚೇರಿಯಲ್ಲಿ ಮಾತ್ರ ಬಳಸುತ್ತಿದ್ದ, ನಂಟು ಮರೆಯಾಗಲಿ ಎಂದು.

"ಬದುಕಿಸ್ತೀವಿ ಬಾಯ್ಕೆ. ಆಸ್ಪತ್ರೆ ಅಂತ ಬೋರ್ಡ್ ಒಂದು ಹಾಕಿಸ್ಬಿಡಿ," ಎಂದು ಅವಳೂ ಅಣ್ಣ ಎಂಬ ಮರ್ಯಾದೆಯಲ್ಲೇ ಉತ್ತರಿಸಿ ಸುಮ್ಮನಾದಳು. ಅಷ್ಟು ಬೇಗ ಸುಮ್ಮನಾದದ್ದಕ್ಕೆ ಮುಕಾಶ್ ಹೆದರಬೇಕಿತ್ತು. ಅವನಿಗೆ ಹೊಳೆಯಲಿಲ್ಲ.

ಅದೇ ವಾರಾಂತ್ಯ ಬುರುಲ್‌ಳ ಮನೆಯಲ್ಲಿ ಔತಣ. ಮುಕಾಶನ ಮೊಮ್ಮಗ ಎದ್ದು ಹೆಜ್ಜೆ ಹಾಕಲು ಶುರುಮಾಡಿದ್ದ. ಪದ್ಧತಿಯಂತೆ ಮಗುವಿನ ಕಾಲಿಗೆ ಕಪ್ಪುಬಿಳುಪು ದಾರ ಕಟ್ಟಿ, ಓಟದ ಪಂದ್ಯದಲ್ಲಿ ಗೆದ್ದವರ ಕೈಯಲ್ಲಿ ಅದನ್ನು ಕತ್ತರಿಸಿದ್ದಾಯಿತು. ಮೊಮ್ಮಗ ನಾಲ್ಕು ಹೆಜ್ಜೆ ಓಡಿ ಅಜ್ಜನ ಮೊಣಕಾಲಿಗೇ ಬಂದು ಡಿಕ್ಕಿ ಹೊಡೆದಾಗ ಮುಕಾಶನ ಕಣ್ಣಲ್ಲಿ ನೀರಾಡಿತು. ಆಮೇಲೆ ಎಲ್ಲರೂ ಉದ್ದನೆಯ ಹಾಸಿನ ಸುತ್ತ ಕೂತರು. ಡಿಪೋಗಳ ಮುಖ್ಯಸ್ಥರೂ ಬಂದಿದ್ದರು. ಮುಕಾಶ್ ಮತ್ತು ಅವನ ಹೆಂಡತಿ ಬಂದದ್ದೂ ಓಮುರ್ಜಾಕನ ಕಾರಿನಲ್ಲೇ.

ಬೇಯಿಸಿದ ಕುರಿಯ ಮಾಂಸ ಬಂತು. ಯಾರಿಗೆ ಯಾವ ಮೂಳೆ ಎಂಬುದು ನಮ್ಮಲ್ಲಿ ಆಟದ ಮಾತಲ್ಲ. ಸೊಂಟದ ದೊಡ್ಡ ತುಂಡು, ಜಾಂಬಶ್, ಅತ್ಯಂತ ಗೌರವದ ಅತಿಥಿಗೆ. ಅಲ್ಲಿಂದ ವಯಸ್ಸು, ನಂಟು ನೋಡಿಕೊಂಡು ಇಳಿಯುತ್ತ ಇಳಿಯುತ್ತ ಪಕ್ಕೆಲುಬಿಗೆ ಬಂದರೆ ಅದು ಸೊಸೆಯಂದಿರಿಗೆ, ಮಕ್ಕಳಿಗೆ. ಮೊಮ್ಮಗನ ಔತಣದಲ್ಲಿ ಸೊಸೆಯ ತಂದೆಗೆ ಜಾಂಬಶ್ ಬರದೆ ಇನ್ಯಾರಿಗೆ? ಮುಕಾಶ್ ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿಯನ್ನು ಸರಿಮಾಡಿಕೊಂಡು, ಅದು ಬಂದಾಗ ಹೇಗೆ "ಅಯ್ಯೋ, ನನಗ್ಯಾಕೆ" ಎನ್ನಬೇಕೆಂದು ಮನಸ್ಸಿನಲ್ಲೇ ಎರಡು ಸಲ ಅಭ್ಯಾಸ ಮಾಡಿಕೊಂಡ.

ಅಳಿಯ ಪರಾತ ಹಿಡಿದು ಹೊರಟ. ಪಕ್ಕದಲ್ಲಿ ಬುರುಲ್ ನಿಂತು ಬೆರಳು ತೋರಿಸುತ್ತಿದ್ದಳು. ಜಾಂಬಶ್ ಓಮುರ್ಜಾಕನ ಮುಂದೆ ಕೂತಿತು. ಇನ್ನೊಂದು ಸೊಂಟದ ತುಂಡು ದಕ್ಷಿಣದವನಿಗೆ. ಮುಕಾಶನ ತಟ್ಟೆಗೆ ಒಂದು ಪಕ್ಕೆಲುಬು ಬಿತ್ತು, ಅದೂ ಯಾರೋ ಈಗಾಗಲೇ ಒಂದು ಕೈ ನೋಡಿದಂತಿದ್ದದ್ದು.

ಎರ್ಕಿನಾಯ್ ಬಾಯಿಗೆ ಸೆರಗಿಟ್ಟ ಹಾಗೆ ಕೈ ಅಡ್ಡಹಿಡಿದಳು.

"ಬೀಗರೇ, ತಪ್ಪು ತಿಳ್ಕೋಬೇಡಿ," ಎಂದಳು ಬುರುಲ್, ತುಂಬ ವಿನಯದಿಂದ. "ಜಾಂಬಶ್ ನಿಮ್ಮದೇ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ನಂಗೆ, ಯೋಚ್ನೆ ಮಾಡ್ದೆ. ಆದ್ರೆ ಬೀಗರು ಅಂತ ಒಳ್ಳೇದೆಲ್ಲ ಅವರಿಗೇ ಹಾಕಿದ್ಳು ಅಂತ ನಾಳೆ ಜನ ಆಡ್ಕೊಂಡ್ರೆ? ನಿಮ್ಮ ಹೆಸರಿಗೆ ಮಸಿ ಬಳಿಯೋಕಾಗುತ್ತಾ? ಅದಕ್ಕೇ ನಿಮಗೆ ಇದು. ಹಳೇ ಮೂಳೇನ ಕಡಿದು ಸವಿಯೋ ಕಲೆ ನಿಮಗೆ ಬಂದ ಹಾಗೆ ಬೇರೆಯವರಿಗೆ ಬರಲ್ಲ."

ಆಮೇಲೆ ಮೂಲೆಯಲ್ಲಿದ್ದ ಒಬ್ಬ ಮುದುಕಿ ಕಿಸಕ್ಕೆಂದಳು. ಅಷ್ಟೇ ಸಾಕಾಯಿತು. ಹಾಸಿನ ಆ ತುದಿಯಿಂದ ಈ ತುದಿಯವರೆಗೆ ನಗು ಹರಿಯಿತು. ಓಮುರ್ಜಾಕ್ ನಗುವ ರಭಸಕ್ಕೆ ಜಾಂಬಶ್ ಅವನ ತಟ್ಟೆಯಿಂದ ಜಾರಿತು. ಬೀಗರನ್ನು ಕೆಣಕುವುದು ನಮ್ಮಲ್ಲಿ ಇದ್ದದ್ದೇ, ಸಿಟ್ಟು ಮಾಡುವಂತಿಲ್ಲ. ಮುಕಾಶ್ ಹಲ್ಲು ಕಿರಿಯುತ್ತ ಪಕ್ಕೆಲುಬು ಎತ್ತಿಕೊಂಡ. ಅದರಲ್ಲಿ ತಿನ್ನುವುದಕ್ಕೆ ಏನೂ ಇರಲಿಲ್ಲ.

ಅತಿಥಿ ತನ್ನ ಪಾಲಿನ ಮಾಂಸವನ್ನು ಮನೆಗೆ ಒಯ್ಯಲೇಬೇಕು. ಹೊರಡುವಾಗ ಎರ್ಕಿನಾಯ್ ಆ ಪಕ್ಕೆಲುಬನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟಳು. ಹೆಂಡತಿ ಮೊಮ್ಮಗನ ಜೊತೆ ಅಲ್ಲೇ ಉಳಿದಳು. "ಬನ್ನಿ, ಬಿಡ್ತೀನಿ," ಎಂದು ಓಮುರ್ಜಾಕ್ ಕಾರಿನ ಬಾಗಿಲು ತೆಗೆದ. ಆ ಜಾಂಬಶ್‌ನ ಪಕ್ಕದಲ್ಲಿ ಕೂತು ಹೋಗುವುದಕ್ಕಿಂತ ಬಸ್ಸೇ ವಾಸಿಯೆಂದು ಮುಕಾಶ್ ಬೀದಿಯ ತುದಿಯ ಬಸ್ ನಿಲ್ದಾಣಕ್ಕೆ ಹೊರಟ.

ಅಲ್ಲಿ ಬಹಳ ಹೊತ್ತು ಕಾದ. ಬಿಸಿಲು ಇಳಿಯುವ ಹೊತ್ತಿಗೆ ಬಂದ ಬಸ್ಸನ್ನು ನೋಡಿದ ಕೂಡಲೇ ಗುರುತು ಹತ್ತಿತು. ಹಿಂದೊಮ್ಮೆ ನಡುಪೇಟೆಯಿಂದ ಅವನೇ ಉತ್ತರಕ್ಕೆ ತಳ್ಳಿದ್ದ ಬಸ್ಸು. ಹಿಂದಿನ ಬಾಗಿಲು ಮುಚ್ಚುತ್ತಿರಲಿಲ್ಲ, ಅದಕ್ಕೊಂದು ಹಗ್ಗ ಕಟ್ಟಿತ್ತು. ಹಗ್ಗದ ತುದಿಯನ್ನು ಒಬ್ಬ ದಪ್ಪನೆಯ ಹೆಂಗಸು ತನ್ನ ಮನೆಯ ಕರುವನ್ನು ಹಿಡಿದಷ್ಟು ಸಲೀಸಾಗಿ ಹಿಡಿದಿದ್ದಳು. ಮಡಿಲಲ್ಲಿ ಸಂಜೆಯ ಮಾರುಕಟ್ಟೆಗೆ ಒಯ್ಯುತ್ತಿದ್ದ ಸೊಪ್ಪಿನ ಬುಟ್ಟಿ.

"ಬಾಯ್ಕೆ, ಆ ಕಡೆ ಒರಗಬೇಡಿ, ಕಿಟಕಿ ಆಚೆ ಬಿದ್ಹೋಗುತ್ತೆ," ಎಂದಳು. "ಹೊಸ ಬಸ್ಸು ಬಂದವಂತೆ. ನಮ್ಮ ಕಡೆಗೆ ಒಂದೂ ಇಲ್ವಂತೆ."

"ಹಂಚೋನು ಬುರುಲ್ ಎಜೆಗೆ ಬೀಗ ಆಗ್ಬೇಕಂತೆ," ಎಂದು ಹಿಂದಿನಿಂದ ಯಾರೋ ದನಿಗೂಡಿಸಿದರು.

"ಬೀಗನಾ? ಬೀಗನೇ ಹಿಂಗೆ ಮಾಡಿದ್ರೆ, ಆಗದವರು ಬಂದು ಟೈರ್ ಬಿಚ್ಕೊಂಡು ಹೋಗ್ಬೇಕಾ?" ಎಂದ ಇನ್ನೊಬ್ಬ.

"ಏನೋ ಹಳೇ ಜಗಳ ಇರಬೇಕು ಬಿಡಿ."

"ಜಗಳ ಅಲ್ಲ. ಅವನು ಭಾರಿ ಪ್ರಾಮಾಣಿಕನಂತೆ," ಎಂದಳು ಸೊಪ್ಪಿನವಳು, ಕಾಯಿಲೆಯೊಂದರ ಹೆಸರು ಹೇಳುವ ದನಿಯಲ್ಲಿ. "ಮಗಳ ಮುಖ ನೋಡಿ ಬಸ್ ಕೊಟ್ಟ ಅಂತ ಯಾರಾದ್ರೂ ಅಂದಾರು ಅನ್ನೋ ಭಯ. ಅವನ ಹೆಸರು ಬೆಳ್ಳಗಿರಲಿ ಅಂತ ನಾನು ಇಲ್ಲಿ ಹಗ್ಗ ಹಿಡ್ಕೊಂಡಿದೀನಿ. ನಿಮಗೆ ಗೊತ್ತಾ ಅವನು?"

"ಅಷ್ಟಾಗಿ ಗೊತ್ತಿಲ್ಲ," ಎಂದ ಮುಕಾಶ್. ಈಗ ಆ ಉತ್ತರ ನೆನಪಿಸಿಕೊಂಡರೆ, ಜೀವಮಾನದಲ್ಲಿ ತಾನು ಆಡಿದ ಅಪ್ಪಟ ನಿಜ ಅದೇ ಎನ್ನುತ್ತಾನೆ.

ಕಾಲುವೆಯ ಪಕ್ಕದ ಏರಿನಲ್ಲಿ ಬಸ್ಸು ಕೆಮ್ಮಿ, ಹೂಂಕರಿಸಿ, ನಿಂತುಬಿಟ್ಟಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಗಂಡಸರು ಮಾತಿಲ್ಲದೆ ಇಳಿದು ಹಿಂದೆ ಹೋದರು, ದಿನನಿತ್ಯದ ಕೆಲಸವೆಂಬಂತೆ. ಮುಕಾಶನೂ ಇಳಿದ. ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಔತಣದ ಕೋಟಿನ ಭುಜವನ್ನೇ ಬಸ್ಸಿಗೆ ಕೊಟ್ಟು ದಬ್ಬಿದ. ಎಲ್ಲಿಂದಲೋ ಬಂದ ಒಂದು ನಾಯಿ ಚೀಲದ ವಾಸನೆ ಹಿಡಿದು ಅವನ ಕಾಲಿಗೆ ಸುತ್ತಿಕೊಂಡಿತು. ಎಂಜಿನ್ ಒಮ್ಮೆಲೇ ಜೀವ ಪಡೆದಾಗ ಹಿಂಚಕ್ರ ಗಿರ್ರನೆ ತಿರುಗಿ, ಕರಗಿದ ಹಿಮದ ಕೆಸರೆಲ್ಲ ಹಾರಿ ಮುಕಾಶನ ಮೈಗೆ ಬಂತು. ಬಾಯಿ ತೆರೆದ. ಚೀಲ ಬಿತ್ತು. ನಾಯಿಗೆ ಪಾಲು ಸಿಕ್ಕಿತು.

ಮರುದಿನ ಬೆಳಗ್ಗೆ ಕಚೇರಿಗೆ ಹೋಗುವ ಬದಲು ಅವನು ಉತ್ತರದ ಡಿಪೋಗೆ ಹೋದ. ಗೇಟಿನ ಕಾವಲುಗಾರ, "ಯಾರು ಬೇಕಾಗಿತ್ತು?" ಎಂದು ಕೇಳಿದ. ಊರಿನ ಬಸ್ಸೆಲ್ಲ ಹಂಚುವ ತನ್ನನ್ನು ಇಲ್ಲಿ ಕಾವಲುಗಾರನಿಗೂ ಗೊತ್ತಿಲ್ಲ. ಒಳಗೆ ಹೋಗಿ ರಿಪೇರಿ ಗುಂಡಿಯ ಅಂಚಿನಲ್ಲಿ ನಿಂತ. ನೋಡಿದ. ಈ ತುದಿಯಿಂದ ಆ ತುದಿಯವರೆಗೆ ನಡೆದು ಮತ್ತೆ ನೋಡಿದ.

"ಉದ್ದ ಮಾಡಿಸಿ ಎರಡು ಚಳಿಗಾಲ ಆಯ್ತು," ಎಂದು ಬೆನ್ನ ಹಿಂದಿನಿಂದ ಬುರುಲ್‌ಳ ದನಿ. "ನಮ್ಮ ಹುಡುಗರೇ ಅಗೆದ್ರು. ಒಂದು ಸಲ ಬಂದು ನೋಡಿ ಅಂದ್ರೆ, ನೀವು ಬರ್ತಾನೇ ಇರ್ಲಿಲ್ಲ."

"ಮನೇಲಿ ಎಷ್ಟು ಸಲ ಸಿಕ್ಕಿದೀವಿ. ಅಲ್ಲಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ದೆ. 'ಮನೇಲಿ ಬಸ್ ಮಾತು ಬೇಡ' ಅಂತ ಎದ್ದುಹೋದ್ರಿ. ಮೊಮ್ಮಗ ಹುಟ್ಟಿದ ದಿನ."

ಮುಕಾಶನಿಗೆ ಇಂಗು ತಿಂದ ಮಂಗನ ಮುಖವಾಯಿತು.

"ನೆನ್ನೆ ಸ್ವಲ್ಪ ಜಾಸ್ತೀನೇ ಆಯ್ತೇನೋ," ಎಂದಳು ಬುರುಲ್ ದನಿ ತಗ್ಗಿಸಿ. "ಎರ್ಕಿನಾಯ್ ನನ್ನ ಜೊತೆ ಮಾತು ಬಿಟ್ಟಿದಾಳೆ."

"ಇಲ್ಲ ಬೀಗಿತ್ತೇರೇ. ಮೂಳೇಲಿ ಇನ್ನೊಂಚೂರು ಮಾಂಸ ಇದ್ದಿದ್ರೆ ನನಗೆ ಅರ್ಥ ಆಗ್ತಿರ್ಲಿಲ್ಲ," ಎಂದ ಮುಕಾಶ್. ಡಿಪೋದೊಳಗೆ ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು.

ಅದೇ ವಾರ ಮತ್ತೆ ಸಭೆ ಕರೆಸಿದ. ಬಸ್ಸುಗಳಿಗೆ ಇನ್ನೂ ನಂಬರ್ ಪ್ಲೇಟ್ ಬಿದ್ದಿಲ್ಲ, ಹಂಚಿಕೆ ಬದಲಾಗಬೇಕು, ಹದಿನೆಂಟು ಉತ್ತರಕ್ಕೆ ಹೋಗಬೇಕು ಎಂದ. ನಿರ್ದೇಶಕರು ಕನ್ನಡಕ ತೆಗೆದರು. "ನಿಮ್ಮ ಬೀಗಿತ್ತಿ ಡಿಪೋಗಾ?"

"ಹೌದು, ನನ್ನ ಬೀಗಿತ್ತಿ ಡಿಪೋಗೆ. ಜನ ಅಲ್ಲಿ ಜಾಸ್ತಿ, ಗುಂಡಿ ಸಾಕಷ್ಟು ಉದ್ದ ಇದೆ, ನಾನು ಹೋಗಿ ನೋಡಿ ಬಂದೆ. ಇಷ್ಟು ವರ್ಷ ನೋಡಿರ್ಲಿಲ್ಲ. ನೋಡ್ದೇನೇ ಗಿಡ್ಡ ಅಂತಿದ್ದೆ."

ಓಮುರ್ಜಾಕ್ ಮೇಜು ಕುಟ್ಟಿದ. "ನೋಡಿ ಸ್ವಾಮಿ! ಔತಣಕ್ಕೆ ಹೋಗಿ ಬಂದ, ಹಂಚಿಕೆ ಬದಲಾಯ್ತು! ಒಂದು ಕುರಿಗೆ ಹದಿನೆಂಟು ಬಸ್ಸು!"

"ಕುರಿ ತಿಂದದ್ದು ನೀನು," ಎಂದ ಮುಕಾಶ್. "ನನಗೆ ಸಿಕ್ಕಿದ್ದು ಪಕ್ಕೆಲುಬು. ಅದನ್ನೂ ನಾಯಿ ತಿಂತು."

ನಿರ್ದೇಶಕರು ಎಷ್ಟು ನಕ್ಕರೆಂದರೆ ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಬೇಕಾಯಿತು. ಆದರೂ ಎರಡು ಪೂರ್ತಿ ದಿನ ಅವನನ್ನು ಪ್ರಶ್ನೆ ಕೇಳಿ ಕೇಳಿ ಹಿಂಡಿದರು, ತಾವೇ ಹೋಗಿ ಗುಂಡಿ ನೋಡಿಬಂದರು, ಕೊನೆಗೆ ಹದಿನಾರಕ್ಕೆ ಇಳಿಸಿ ಒಪ್ಪಿದರು.

ಮುಕಾಶ್ ವರ್ಷಗಟ್ಟಲೆ ಹೆದರಿದ್ದ ಮಾತುಗಳೆಲ್ಲ ಒಂದೂ ಬಿಡದೆ ಬಂದವು. ಕ್ಯಾಂಟೀನಿನಲ್ಲಿ ಅವನಿಗೆ ಪಕ್ಕೆಲುಬು ಬಾಯ್ಕೆ ಎಂದು ಹೆಸರು ಬಿತ್ತು. ಅಡುಗೆಯವಳು ಸೂಪ್ ಬಡಿಸುವಾಗ, "ನಿಮಗೆ ಮೂಳೆ ಹಾಕ್ಲಾ, ಬೇಡ್ವಾ? ಊರಿನ ಬಸ್ಸೆಲ್ಲ ಅದರ ಮೇಲೇ ನಿಂತಿದೆ," ಎಂದು ಸೌಟು ಎತ್ತಿ ಹಿಡಿದು ಕಾಯುತ್ತಿದ್ದಳು. ಮೊದಲ ವಾರ ನಿದ್ದೆ ಬರಲಿಲ್ಲ. ಎರಡನೇ ವಾರ ಬಂತು. ಹೆಸರು ಕೆಟ್ಟ ಮೇಲೆ ಅದನ್ನು ಕಾಯುವ ಕೆಲಸ ಇರುವುದಿಲ್ಲವಲ್ಲ, ಎಷ್ಟು ಹಗುರ ಎಂದು ಹೆಂಡತಿಗೆ ಹೇಳಿದ. "ಇನ್ನು ಮೇಲೆ ಜೇನು ಕೊಟ್ರೆ ತಗೊಂಡ್ಬರ್ತೀರಾ?" ಎಂದಳು ಅವಳು. ಅದು ಮಾತ್ರ ಆಗಲಿಲ್ಲ.

ಹೊಸ ಬಸ್ಸು ಉತ್ತರದ ಹಾದಿಗೆ ಇಳಿದ ದಿನ ಮುಕಾಶ್ ಕಲ್ಪಾಕ್ ಹಾಕಿಕೊಂಡು, ತೊಳೆಸಿದ ಕೋಟು ತೊಟ್ಟು, ಮಾರುಕಟ್ಟೆಯ ಬಳಿ ನಿಲ್ದಾಣದಲ್ಲಿ ನಿಂತ. ಕಿಟಕಿಯ ಪಕ್ಕ ಕೂತು ಮಗಳ ಮನೆಗೆ ಹೋಗುವ ಆಸೆ. ಮೊದಲ ಬಸ್ಸು ಬಂತು. ಬಾಗಿಲು ಉಸ್ಸೆಂದು ತೆರೆಯಿತು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಮುಂದಿನದಕ್ಕೆ ಬನ್ನಿ ಬಾಯ್ಕೆ, ಹಿಂದೇನೇ ಇನ್ನೊಂದಿದೆ!" ಎಂದು ಚಾಲಕ ಕೂಗಿದ. ಬಾಗಿಲು ಮುಚ್ಚಿತು, ಪೂರ್ತಿಯಾಗಿ.

ಮುಂದಿನದೂ ತುಂಬಿತ್ತು. ಅದರ ಮುಂದಿನದರಲ್ಲಿ ಒಬ್ಬ ಮುದುಕನ ಕೋಳಿಬುಟ್ಟಿಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲಲು ಜಾಗ ಸಿಕ್ಕಿತು. ಸುತ್ತಲಿನವರೆಲ್ಲ ಬುರುಲ್ ಎಜೆಯನ್ನು ಹೊಗಳುತ್ತಿದ್ದರು. "ಆ ಬೀಗನ ಜುಟ್ಟು ಹಿಡಿದು ಎಳೆದು ತಂದ್ಳಂತೆ ಬಸ್ಸನ್ನ!" ಎಂದ ಮುದುಕ. ಮುಕಾಶ್ ಕಲ್ಪಾಕ್ ತೆಗೆದು, ತನ್ನ ಬೋಳು ತಲೆ ಸವರಿಕೊಂಡು, "ಜುಟ್ಟೆಲ್ಲಿತ್ತು ತಾತ, ಕಿವಿ ಹಿಡಿದೇ ಎಳೆದದ್ದು," ಎಂದ.